ಪೆಟ್ಟಿಗೆಯ ಒಳಮುಚ್ಚಳ

ಬೇ ಏರಿಯಾದ ಸನ್ನಿವೇಲಿನಿಂದ ಬೆರ್ರಿಯೆಸಾವರೆಗೆ ಹಳೆಯ ಸ್ನೈಪರ್ ಬಂದೂಕುಗಳ ಚರಿತ್ರೆಯನ್ನು ಸಂಪತನಷ್ಟು ಬಲ್ಲವನನ್ನು ಯಾರಾದರೂ ತೋರಿಸಿದರೆ ಅರ್ಧ ಮೀಸೆ ಬೋಳಿಸಿಕೊಳ್ಳಬಹುದು. ಬಂದೂಕಿನ ಹಿಡಿ ಮೂಸಿದರೆ ಸಾಕು, ಯಾವ ಕಾರ್ಖಾನೆ, ಯಾವ ವರ್ಷ, ಮರ ಕೆತ್ತಿದ ಬಡಗಿ ಅಂದು ಬೆಳಿಗ್ಗೆ ಏನು ತಿಂದಿದ್ದ ಎಂಬುದನ್ನೂ ಹೇಳುವ ಆಸಾಮಿ. ಅವನ ಬಾಯಿಗೆ ಹೆದರಿ ಬರ್ತ್‌ಡೇ ಪಾರ್ಟಿಗಳಲ್ಲಿ ಜನ ಊಟ ಬಿಟ್ಟು ಫ್ರೀವೇ ಹಿಡಿಯುತ್ತಿದ್ದರು.

ಅಂಥವನ ಕೈಗೆ ಎರಡನೇ ಮಹಾಯುದ್ಧದ ಒಂದು ಲೀ-ಎನ್‌ಫೀಲ್ಡ್ ಬಂದೂಕು ಸಿಕ್ಕಿತ್ತು, ದುರ್ಬೀನು ಸಮೇತ, ಅದರದೇ ಮರದ ಪೆಟ್ಟಿಗೆ ಸಮೇತ. ಒಳಮುಚ್ಚಳದಲ್ಲಿ ಸಿಪಾಯಿಯೊಬ್ಬ ಪೆನ್ಸಿಲನ್ನು ಒತ್ತಿ ಒತ್ತಿ ತನ್ನ ಹೆಸರು, ಊರು ಬರೆದಿದ್ದ. ಅಷ್ಟನ್ನೇ ಹಿಡಿದು ಸಂಪತ್ ಮೂರು ವರ್ಷ ನಲವತ್ತು ಸಾವಿರ ಈಮೇಲು ಬರೆದ. ನಾನೂರೇ ಇರಬಹುದು, ಬಿಡಿ. ಕೊನೆಗೆ ಸ್ಯಾಕ್ರಮೆಂಟೊದಲ್ಲಿ ಸಿಪಾಯಿಯ ಮಗಳು ಐಲೀನ್ ಸಿಕ್ಕಳು. ಎಂಬತ್ತೆರಡರ ಅಜ್ಜಿ; ಅಪ್ಪ ಯುದ್ಧದಲ್ಲಿ ಸತ್ತಾಗ ತೊಟ್ಟಿಲಲ್ಲಿದ್ದವಳು. ಅಪ್ಪನ ಅಕ್ಷರವನ್ನು ಎಂದೂ ಕಂಡಿರಲಿಲ್ಲ, ಈಗ ಕಣ್ಣೂ ಹೋಗಿತ್ತು. ಫೋಟೋ ನನಗೆ ಬೇಡ, ಶನಿವಾರ ಬಂದು ಬೆರಳಿಟ್ಟು ನೋಡುತ್ತೇನೆ ಎಂದಿದ್ದಳು.

ಅದೇ ವಾರ ಬುಧವಾರ ಆಯುಧಪೂಜೆ. ಮನೆ ತುಂಬ ಆಯುಧ ಇಟ್ಟುಕೊಂಡು ಬರೀ ಕಾರಿನ ಗಾಲಿಗೆ ನಿಂಬೆಹಣ್ಣು ಇಡುವುದೇ ಎಂದು, ಗದಗಿನಿಂದ ಬಂದಿದ್ದ ಅತ್ತೆ ಕಮಲವ್ವ ಪಟ್ಟು ಹಿಡಿದಳು. ಬಂದೂಕುಗಳ ಕಬ್ಬಿಣದ ಬೀರು ತೆಗೆಯಲು ಸಂಪತ್ ಒಪ್ಪಲಿಲ್ಲ. ಅತ್ತೆಗೆ ಬೇಜಾರಾಗದಿರಲೆಂದು ಖಾಲಿ ಪೆಟ್ಟಿಗೆಯನ್ನು ತಾನೇ ಎತ್ತಿ ಗರಾಜಿನಲ್ಲಿಟ್ಟು, ಸಾಂಟಾ ಕ್ಲಾರಾದ ಮೀಟಿಂಗಿಗೆ ಓಡಿದ.

ಸಂಜೆ ಬಂದರೆ ಪೆಟ್ಟಿಗೆ ಮದುಮಗನ ಹಾಗೆ ಹೊಳೆಯುತ್ತಿತ್ತು. ಸುತ್ತ ಚೆಂಡುಹೂವು; ಒಳಮುಚ್ಚಳದ ನಡುವೆ ಕುಂಕುಮದ ದಪ್ಪ ಬೊಟ್ಟು.

"ಒಳಗ ಯಾವನೋ ಗೀಚಿ ಹೊಲಸು ಮಾಡಿದ್ದ ನೋಡ್ರಿ ಅಳಿಯಂದ್ರ," ಎಂದಳು ಕಮಲವ್ವ. "ತೊಳದ್ರ ಹೋಗಲಿಲ್ಲ. ನಿಮ್ಮ ಪಾಲಿಶ್ ಪೇಪರ್ ತಗೊಂಡು ತಾಸುಗಟ್ಟಲೆ ತಿಕ್ಕೇನಿ. ರಟ್ಟಿ ಬಿದ್ದು ಹೋದುವು."

ಎಪ್ಪತ್ತರ ಮುದುಕಿ. ಬೆರಳ ತುದಿಗಳು ಕೆಂಪಗಾಗಿದ್ದವು. ಬೇ ಏರಿಯಾದ ಮಹಾ ವಾಚಾಳಿಯ ಬಾಯಿಂದ ಚೆನ್ನಾಗಿದೆ ಎಂಬುದೊಂದೇ ಮಾತು ಹೊರಟಿತು.

ಗುರುವಾರ, ಶುಕ್ರವಾರ ಐಲೀನಳಿಗೆ ತಿಳಿಸಲು ಸಾವಿರ ಸಲ ಫೋನ್ ಎತ್ತಿದ, ಸಾವಿರ ಸಲವೂ ಇಟ್ಟ. ಒಂದು ಪೆನ್ಸಿಲನ್ನು ಚೂಪು ಮಾಡಿಯೂ ನೋಡಿದ. ಸಿಪಾಯಿಯ ಹೆಸರನ್ನು ತಾನೇ ಬರೆಯಹೊರಟು, ಮತ್ತೆ ಅದನ್ನು ಡ್ರಾಯರಿಗೆ ಹಾಕಿದ.

ಶನಿವಾರ ಅಜ್ಜಿ ಬಿಳಿಕೋಲು ಹಿಡಿದು ಬಂದಳು. ಈಗ ಹೇಳಿಬಿಡುತ್ತೇನೆ ಎಂದು ಸಂಪತ್ ಗಂಟಲು ಸರಿಮಾಡಿಕೊಳ್ಳುವುದರೊಳಗೆ ಅವಳ ತೋರುಬೆರಳು ಮುಚ್ಚಳದ ಮೇಲಿತ್ತು. ನುಣುಪು ಹಲಗೆಯ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು. ಒಣಗಿ ಹೆಪ್ಪುಗಟ್ಟಿದ ಕುಂಕುಮದ ಮೇಲೆ ನಿಂತಿತು.

"ಇಲ್ಲೇ ಅಲ್ಲವೆ?" ಎಂದಳು ಇಂಗ್ಲಿಷಿನಲ್ಲಿ, ತೀರ ಮೆಲ್ಲಗೆ. "ಅಪ್ಪ ಸಿಕ್ಕಿದ."

"ಏನಂತಾರ್ರಿ ಅಳಿಯಂದ್ರ?" ಚಹಾ ಹಿಡಿದು ಬಂದ ಕಮಲವ್ವ ಕೇಳಿದಳು. "ಪೆಟ್ಟಿಗಿ ಪಸಂದ ಬಂತೇನು?"

ಸಂಪತ್ ಒಬ್ಬಳ ಮುಖ ನೋಡಿದ, ಇನ್ನೊಬ್ಬಳ ಮುಖ ನೋಡಿದ. ಅತ್ತೆಯ ಕೈಯಿಂದ ಚಹಾ ತೆಗೆದುಕೊಂಡು ಅಜ್ಜಿಯ ಕೈಗೆ ಕೊಟ್ಟ. ಐಲೀನಳ ಬೆರಳ ತುದಿ ಕೆಂಪಗಾಗಿತ್ತು.