ರುಚಿ ಸತ್ತ ನಾಲಿಗೆ

ಮೂಲಿಕೆ ಪುಡಿ ಮಾಡುವ ಆ ಕಾರ್ಖಾನೆಯಲ್ಲಿ ಬೇರಿನ ಮೂಟೆ ಬಂದರೆ ಮೊದಲು ಬಿಚ್ಚುತ್ತಿದ್ದವಳು ನಾಲಿಗೆಯಜ್ಜಿ. ಚೂರು ಮುರಿದು ನಾಲಿಗೆಯ ತುದಿಗೆ ಮುಟ್ಟಿಸಿ, ಉಗಿದು, ಬಾಯಿ ಮುಕ್ಕಳಿಸಿ ಅವಳು "ಹೂಂ" ಎಂದರೆ ಮಾತ್ರ ಮೂಟೆ ಗಿರಣಿಗೆ. ಮಕ್ಕಳ ಹೊಟ್ಟೆನೋವಿನ ಪುಡಿಗೆ ಹಾಕುವ ಬೇರು ಬರೀ ಕಹಿ. ಅದನ್ನೇ ಹೋಲುವ ಇನ್ನೊಂದಿದೆ, ಒಡಹುಟ್ಟಿದ ಅಕ್ಕತಂಗಿಯರ ಹಾಗೆ. ಅದು ನಂಜು. ತಾಗಿದರೆ ನಾಲಿಗೆ ಜುಮ್ಮೆಂದು ಮರಗಟ್ಟುತ್ತದೆ. ನಲವತ್ತು ವರ್ಷದಲ್ಲಿ ಅಜ್ಜಿ ಒಮ್ಮೆಯೂ ತಪ್ಪಿದವಳಲ್ಲ.

ಅವಳಿಗೆ ಜ್ವರ ಬಂದು, ಹತ್ತು ದಿನದ ಹಿಂದೆ ಬಿಟ್ಟಿತು. ಹೋಗುವಾಗ ನಾಲಿಗೆಯನ್ನೂ ಹೊತ್ತುಕೊಂಡು ಹೋಯಿತು. ಉಪ್ಪು, ಸಕ್ಕರೆ ಎಲ್ಲ ಒಂದೇ, ಖಾರದ ಚುರುಕೂ ತಿಳಿಯದು. ಬಾಯೊಳಗೆ ಒದ್ದೆ ಬಟ್ಟೆ ತುರುಕಿದ ಹಾಗೆ. ಯಾರಿಗೂ ಹೇಳಲಿಲ್ಲ. ನಾಲಿಗೆಯಿಲ್ಲದ ನಾಲಿಗೆಯಜ್ಜಿಗೆ ಅಲ್ಲೇನು ಕೆಲಸ? ಇವತ್ತು ಸರಿಹೋದೀತು, ನಾಳೆ ಸರಿಹೋದೀತು ಎಂದು ಕಣ್ಣಂದಾಜಿನಲ್ಲೇ "ಹೂಂ" ಅನ್ನುತ್ತ ಬಂದಳು.

ಅಂದು ಗಿರಣಿಯವನು ತುಟಿ ಒರೆಸಿಕೊಳ್ಳುತ್ತ ಹೊರಗೆ ಬಂದ.

"ಏನಜ್ಜೀ ಇದು? ಮೀಸೆ ಮೇಲೆ ಕೂತ ಪುಡಿ ನೆಕ್ಕಿದೆ ನೋಡಿ, ತುಟಿ ಜುಮ್ ಅಂತಿದೆ. ಹೆಂಡ್ತಿ ಬೈದಾಗಲೂ ನನ್ನ ಬಾಯಿ ಹೀಗೆ ಕಟ್ಟಿರ್ಲಿಲ್ಲ!"

ಅಜ್ಜಿ ಕೈಲಿದ್ದದ್ದು ಬಿಟ್ಟು ಎದ್ದಳು. "ಗಿರಣಿ ನಿಲ್ಸು. ಬಾಯಿ ತೊಳ್ಕೊಂಡು ಡಾಕ್ಟರ ಹತ್ರ ಓಡು."

"ನೀವೇ ಹೂಂ ಅಂದ ಮೂಟೆ ಅಲ್ವಾ?"

"ನಾನೇ ಅಂದಿದ್ದು. ನಿಲ್ಸಪ್ಪಾ ಅಂದ್ರೆ!"

ಸದ್ದು ಕೇಳಿ ಒಡತಿ ಬಂದಳು. "ನಿಮಗೆ ಗೊತ್ತಾಗ್ಲಿಲ್ವಾ ಅಜ್ಜೀ?"

"ಒಂದು ಚೂರು ಕೈತಪ್ಪಿರ್ಬೇಕು," ಎಂದಳು ಅಜ್ಜಿ, ನೆಲ ನೋಡುತ್ತ.

ಈ ಮೂಟೆ ತಂದ ವ್ಯಾಪಾರಿಯದೇ ಇನ್ನೊಂದು ಮೂಟೆ ನಿನ್ನೆ ಪುಡಿಯಾಗಿ, ಅದರ ಮೊದಲ ಡಬ್ಬಿಗಳು ಬೆಳಿಗ್ಗೆ ಪೇಟೆಯ ಅಂಗಡಿಗೆ ಹೋಗಿದ್ದವು. ಒಡತಿ ಫೋನ್ ಮಾಡಿದರೆ ಅಂಗಡಿಯವನು ಎತ್ತಲೇ ಇಲ್ಲ. ಇಬ್ಬರೂ ಕಾರು ಹತ್ತಿದರು.

ಹನ್ನೆರಡು ಡಬ್ಬಿ ಹೋಗಿದ್ದವು. ಕಪಾಟಿನಲ್ಲಿ ಹನ್ನೊಂದಿದ್ದವು.

"ಒಂದು ಈಗ ತಾನೇ ಹೋಯ್ತು," ಎಂದ ಅಂಗಡಿಯವನು. "ಕಂಕುಳಲ್ಲಿ ಕೂಸು ಎತ್ಕೊಂಡು ಒಬ್ಬ ತಾಯಿ ಬಂದಿದ್ರು. ಏನಾದ್ರೂ ಆಗುತ್ತಾ ಅಂತ ಕೇಳಿದ್ರು. ಗಿಡಮೂಲಿಕೆ ತಾಯೀ, ಅದೇನು ಮಾಡುತ್ತೆ, ಧೈರ್ಯವಾಗಿ ಹಾಕಿ ಅಂತ ನಾನೇ ಹೇಳಿ ಕೊಟ್ಟೆ."

"ಯಾವ ಮನೆ?"

"ಪಕ್ಕದ ಬೀದಿಗೆ ತಿರುಗಿದ್ರು. ಮನೆ ಗೊತ್ತಿಲ್ಲ."

ಅಜ್ಜಿ ಬೀದಿಗಿಳಿದಳು. ಮೊದಲ ಬಾಗಿಲು ಬೀಗ. ಎರಡನೆಯದರಲ್ಲಿ, "ಇಲ್ಲಿ ಮಗುವೇ ಇಲ್ಲಮ್ಮ." ಮೂರನೆಯದನ್ನು ತೆರೆಯಲೇ ಇಲ್ಲ, ಒಳಗೆ ರೇಡಿಯೋ ಮಾತ್ರ ಹಾಡುತ್ತಿತ್ತು. ಬೀದಿಯಲ್ಲಿ ಎಂದೂ ದನಿ ಎತ್ತದವಳು ಬೀದಿಯ ನಡುವೆ ನಿಂತು ಕೂಗಿದಳು: "ಯಾರವ್ವಾ ಕೂಸಿನ ಪುಡಿ ತಂದೋರು? ಕುಡಿಸ್ಬೇಡ್ರವ್ವಾ!"

ಮಹಡಿಯ ಕಿಟಕಿಯೊಂದು ತೆರೆಯಿತು. ಅಜ್ಜಿ ಮೆಟ್ಟಿಲು ಹತ್ತಿದ್ದು ಹೇಗೋ ದೇವರೇ ಬಲ್ಲ. ಬಾಗಿಲಲ್ಲಿ ಎಳೆಯ ತಾಯಿ, ಕೈಯಲ್ಲಿ ಚಮಚ.

"ಕುಡಿಸಿದ್ಯಾ ಮಗಳೇ?"

"ಇಲ್ಲಜ್ಜೀ, ನೀರು ಸುಡ್ತಿತ್ತು, ಆರ್ಲಿ ಅಂತ ಇಟ್ಟಿದ್ದೆ. ಯಾಕೆ?"

ಅಜ್ಜಿ ಒಳಗೆ ನುಗ್ಗಿ ಲೋಟ ಎತ್ತಿ ಬಚ್ಚಲಿಗೆ ಸುರಿದಳು. ಡಬ್ಬಿಯನ್ನು ಎದೆಗವಚಿಕೊಂಡು ಹೊಸ್ತಿಲಲ್ಲೇ ಕುಸಿದಳು.

"ಸಿಕ್ತಲ್ಲ, ಏಳಿ," ಎಂದಳು ಹಿಂದೆಯೇ ಮೆಟ್ಟಿಲು ಹತ್ತಿ ಬಂದ ಒಡತಿ, ಕಣ್ಣೊರೆಸಿಕೊಳ್ಳುತ್ತ. "ದೊಡ್ಡ ಗಂಡಾಂತರ ಕಳೀತು."

"ಕಳೀಲಿಲ್ಲ ತಾಯೀ," ಎಂದಳು ಅಜ್ಜಿ. "ನನ್ನ ನಾಲಿಗೆ ಸತ್ತು ಹತ್ತು ದಿನ ಆಯ್ತು."

ಒಡತಿ ಅಲ್ಲೇ ಅವಳ ಪಕ್ಕದಲ್ಲಿ ಕೂತಳು. "ಹತ್ತು ದಿನದಲ್ಲಿ ಎಷ್ಟು ಮೂಟೆ ಒಪ್ಕೊಂಡ್ರಿ?"

"ಎಲ್ಲಾ ನೆನಪಿದೆ. ಹೇಳ್ತೀನಿ, ಬರ್ಕೊ. ಮೊದಲನೇದು, ನೀಲಿ ದಾರದ ಹೊಲಿಗೆ. ಅದರ ಪುಡಿ ಊರಾಚೆಯ ಆಸ್ಪತ್ರೆಗೆ ಹೋಗಿದೆ."