ಹಾಲಿನ ವಾಸನೆ

"ಬಾಯ್ ತೆಗಿಯೇ ಕಳ್ಮುಂಡೆ! ಅಗಲ ತೆಗಿ!"

ನರ್ಸ್ ಕಸಾಂಬಾರ ಎಸ್ನಾತಳ ಬಾಯಿಗೆ ಮೂಗು ತಂದು ಮೂಸಿದ. ಸೊರಗಿದ ಮಕ್ಕಳ ಆ ವಾರ್ಡಿನಲ್ಲಿ ನಾವು ಒಂಬತ್ತು ಜನ ತಾಯಂದಿರು, ಎಲ್ಲರೂ ಹೊಗೆಸೊಪ್ಪಿನ ತೋಟದ ಒಕ್ಕಲುಗಳು. ಒಬ್ಬಳೂ ಉಸಿರೆತ್ತಲಿಲ್ಲ. ನಾನೂ ಎತ್ತಲಿಲ್ಲ, ಆ ನಾಚಿಕೆ ಇನ್ನೂ ಹೋಗಿಲ್ಲ.

ಅವಳ ಮಗ ಯಾಂಕೊ ಬಂದಾಗ ಎಂಟೂವರೆ ಕಿಲೊ ಇದ್ದ. ಐದನೇ ದಿನ ತಕ್ಕಡಿ ಏಳೂಮುಕ್ಕಾಲು ತೋರಿಸಿತು.

"ಮೂರು ಗಂಟೆಗೊಂದ್ಸಲ ಹಾಲು ಕೊಡ್ತೀವಿ. ತೂಕ ಎಲ್ಲೋಯ್ತು? ನೀನೇ ಕುಡೀತಿದ್ದೀಯ. ಇಡೀ ಮಲಾವಿ ದೇಶದಲ್ಲಿ ನಿಮ್ಮಂಥ ಹೊಟ್ಟೆಬಾಕರಿಲ್ಲ!"

ಮಧ್ಯಾಹ್ನ ಹಿತ್ತಲ ಒಲೆಯಲ್ಲಿ ನಾವಿಬ್ಬರೂ ಜೋಳದ ಹಿಟ್ಟು ತಿರುವುತ್ತಿದ್ದಾಗ ಎಸ್ನಾತ ನನ್ನ ಪಕ್ಕಕ್ಕೆ ಸರಿದಳು.

"ಅಕ್ಕಾ, ನನ್ ಕೂಸು ಬಂದಾಗ ಗುಂಡ್‌ಗುಂಡಕ್ಕಿತ್ತು. ಆ ಕೆನ್ನೆ ನೋಡೇ ಅಲ್ವಾ ದಣಿ, 'ನಿಮ್ ಮಕ್ಳು ಚೆನ್ನಾಗವೆ' ಅಂತ ಕಾಳು ಕೊಡೋದು ನಿಲ್ಸಿದ್ದು? ಇಲ್ಲಿ ಬಂದು ಕಡ್ಡಿ ಆಗೋಯ್ತು. ಹಾಲಿಗೆ ಏನೋ ಬೆರಸ್ತವ್ರೆ. ಸಂಜೆ ಎತ್ಕೊಂಡು ಓಡೋಯ್ತೀನಿ."

"ಓಡು ತಾಯಿ," ಎಂದೆ. ನನಗೂ ಹಾಗೇ ಅನಿಸಿತ್ತು. ಅವಳ ಗಂಟು ಕಟ್ಟಿಕೊಟ್ಟವಳೂ ನಾನೇ.

"ಇನ್ನೊಂದು ಅಕ್ಕಾ. ಅವ್ನು ನನ್ ಬಾಯಿ ಮೂಸ್ದಾಗ ಅವ್ನ ಬಾಯಿಂದ್ಲೇ ಹಾಲಿನ ವಾಸ್ನೆ ಬಂತು."

ಅಷ್ಟರಲ್ಲಿ ವಾರಕ್ಕೊಮ್ಮೆ ಬರುವ ಡಾಕ್ಟರಮ್ಮ ಬಂದರು. ಯಾಂಕೊನ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಮೊದಲ ದಿನ ಕಸಾಂಬಾರ ಒತ್ತಿದಾಗ ಗುಳಿ ಬಿದ್ದಿದ್ದ ಜಾಗದಲ್ಲಿ ಈಗ ಏನೂ ಬೀಳಲಿಲ್ಲ.

"ಒಳ್ಳೇದಾಯ್ತು ಯಾಂಕೊನವ್ವ. ಬಂದಾಗ ಇದ್ದಿದ್ದು ಮೈ ಅಲ್ಲಮ್ಮ, ಬಾವು. ಕಾಳುಕಡಿ ಇಲ್ದೆ ಬರೀ ಹಿಟ್ಟು ತಿಂದು ಬಂದಿದ್ದು. ಆ ನೀರಿಳೀತು, ತೂಕ ಇಳೀತು. ಮಗು ಉಳೀತು ಅಂದ್ಕೊ. ಕಸಾಂಬಾರಾ, ಇವ್ರಿಗೆ ಹೇಳಿಲ್ವಾ?"

"ಇವ್ರಿಗೆ ಹೇಳಿದ್ರೆ ತಲೆಗೆ ಹೋಗುತ್ತಾ ಮೇಡಂ?"

ಅಂದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಮೂಸಿದ್ದ. ನಾನು ಎಸ್ನಾತಳ ಗಂಟು ಬಿಚ್ಚಿಟ್ಟೆ.

ಡಾಕ್ಟರಮ್ಮನ ಜೀಪು ಹೋಯಿತು. ಮುಂದಿನ ಲೋಟದ ಹೊತ್ತಿಗೆ, ಇಷ್ಟು ದಿನ ಮುಖ ತಿರುಗಿಸುತ್ತಿದ್ದ ಯಾಂಕೊ ಎರಡೂ ಕೈಯಲ್ಲಿ ಲೋಟ ಕಸಿದುಕೊಂಡ. ತಳದವರೆಗೂ ಕುಡಿದು, ಇನ್ನೂ ಬೇಕೆಂದು ರಂಪ ಮಾಡಿದ. ಎಸ್ನಾತ ಅಳುತ್ತಾ ನಕ್ಕಳು.

"ಏನೇ ಹಲ್ಲು ಕಿರಿಯೋದು? ಬಾಯ್ ತೆಗಿ," ಎಂದ ಕಸಾಂಬಾರ.

ಅವಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಎದ್ದು ಅವನ ಮೂಗಿಗೆ ತಾಗುವಂತೆ ಬಾಯಿ ತೆರೆದಳು. ನಾನೂ ಎದ್ದೆ. ಒಬ್ಬೊಬ್ಬರಾಗಿ ಒಂಬತ್ತೂ ಜನ ಬಾಯಿ ತೆರೆದು ಅವನ ಸುತ್ತ ನಿಂತೆವು.

"ಮೂಸಿ ಸಾಮಿ, ಎಲ್ಲಾರ್‍ದೂ ಮೂಸಿ," ಎಂದಳು ಎಸ್ನಾತ. "ಆಮೇಲೆ ನೀವ್ ತೆಗೀರಿ. ನಾವೂ ಮೂಸ್ಬೇಕು."

ಕಸಾಂಬಾರ ತುಟಿ ಬಿಗಿದುಕೊಂಡ. ಕಿಟಕಿಯ ಮೇಲೆ ಅವನ ಟೀ ಗಟ್ಟಿ ಕೆನೆ ಕಟ್ಟಿ ಆರುತ್ತಿತ್ತು. ಯಾರೂ ಜಾಗ ಬಿಡಲಿಲ್ಲ.