ಬಿಳಿ ಅಂಚು

ಮಹಾದೇವಯ್ಯನಿಗೆ ಶಿರಾ ಗೇಟಿನಲ್ಲಿ ಬೈಂಡಿಂಗ್ ಅಂಗಡಿ. ಇಪ್ಪತ್ತೆರಡು ವರ್ಷ ಪುಸ್ತಕದ ಅಂಚು ಕತ್ತರಿಸಿ ಸವರಿದ ಕೈ. ಅಚ್ಚಿನ ಆಚೆ ಬಿಳಿ ಕಾಗದ ಉಳಿದಿದ್ದರೆ ಅವನ ಬೆರಳು ತಾನಾಗಿ ಚಾಕುವಿನತ್ತ ಹೋಗುತ್ತಿತ್ತು.

ಮಗಳು ಮಂಜುಶ್ರೀಗೆ ಬಿ.ಎಸ್ಸಿ. ಎರಡನೇ ವರ್ಷದಲ್ಲಿ ರಕ್ತದ ಕ್ಯಾನ್ಸರ್ ಬಂತು. 2003ರ ಮಳೆಗಾಲದಲ್ಲಿ ಡಾಕ್ಟರು, ಇನ್ನು ಮನೆಗೆ ಕರಕೊಂಡು ಹೋಗಿ ಎಂದರು. ಬಂದವಳು ಕೇಳಿದ್ದು, ಹಿಂದೆ ಸೈಬರ್ ಸೆಂಟರಿನಲ್ಲಿ ದಪ್ಪ ಕಾಗದಕ್ಕೆ ಪ್ರಿಂಟ್ ಹಾಕಿಸಿಟ್ಟಿದ್ದ ಹಾಳೆಗಳನ್ನು. ಕತ್ತರಿಸಿ ಅಂಟಿಸಿದರೆ ಎಕ್ಸ್-15 ಎಂಬ ಕಪ್ಪು ರಾಕೆಟ್ ವಿಮಾನ, ಒಂದೂವರೆ ಅಡಿ ಉದ್ದ. ಅವಳ ಕೈ ನಡುಗುತ್ತಿದ್ದುದರಿಂದ ಅವಳು ತೋರಿಸಿದಂತೆ ಅಪ್ಪ ಕತ್ತರಿಸುತ್ತಿದ್ದ, ಅವಳು ಅಂಟಿಸುತ್ತಿದ್ದಳು.

"ಇದು ಎಷ್ಟೊತ್ತು ಹಾರ್ತದೆ?"

"ಎಂಜಿನ್ ಉರಿಯೋದು ಒಂದೂವರೆ ನಿಮಿಷ ಕಣಪ್ಪ."

"ಅಷ್ಟೇನಾ! ಗುಬ್ಬಿಗೆ ಹೋಗೋ ಬಸ್ಸು ಸ್ಟ್ಯಾಂಡ್ ಬುಟ್ಟು ಈಚೆ ಬರಕ್ಕೂ ಸಾಲಲ್ಲ."

"ಅಷ್ಟರಲ್ಲಿ ಆಕಾಶದ ತುದೀಲಿರ್ತದೆ. ಆಮೇಲೆ ಎಂಜಿನ್ ಇಲ್ದೆ ತೇಲ್ಕೊಂಡು ಇಳೀತದೆ."

ಹತ್ತು ದಿನದಲ್ಲಿ ಒಡಲಾಯಿತು, ಬಾಲವಾಯಿತು, ಪೈಲಟ್ ಕೂರುವ ಕುರ್ಚಿಯೂ ಆಯಿತು. ರೆಕ್ಕೆಗಳಷ್ಟೇ ಬಾಕಿ. "ನೀನು ಕತ್ತರಿಸಿಡು, ನಾಳೆ ನಾನೇ ಕೂರಿಸ್ತೀನಿ," ಎಂದಳು.

ಅವನು ಹಾಳೆಯನ್ನು ಅಂಗಡಿಗೆ ಒಯ್ದು ಕೂದಲೆಳೆಯಷ್ಟೂ ತಪ್ಪದಂತೆ ಕತ್ತರಿಸಿ ತಂದ. ಬೆಳಿಗ್ಗೆ ಮಂಜುಶ್ರೀ ರೆಕ್ಕೆಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅಪ್ಪಾ, ಅಂಟು ಹಚ್ಚೋ ಪಟ್ಟಿ ಎಲ್ಲಿ?"

"ಯಾವ ಪಟ್ಟಿ?"

"ಅಂಚಲ್ಲಿ ಬಿಳೀದಿತ್ತಲ್ಲ."

ಅದು ಅಂಗಡಿಯ ರದ್ದಿ ಚೀಲದಲ್ಲಿತ್ತು, ಚೀಲ ಆಗಲೇ ಗುಜರಿಗೆ ಹೋಗಿತ್ತು. "ವೇಸ್ಟು ಅನ್ಕೊಂಡೆ ಕಣವ್ವ."

"ಸವರೋದೊಂದೇ ಗೊತ್ತಿರೋದು ನಿಮಪ್ಪಂಗೆ," ಎಂದಳು ಒಲೆಯ ಮುಂದಿದ್ದ ತಾಯಿ ಗಂಗಲಕ್ಷ್ಮಮ್ಮ. "ಪುಣ್ಯಕ್ಕೆ ನಿನ್ ಜಡೆ ಉಳೀತು." ಹೇಳಿದ ಮೇಲೆ ಮಗಳ ಬೋಳು ತಲೆ ನೆನಪಾಗಿ ಒಲೆಯತ್ತ ತಿರುಗಿದಳು. ನಕ್ಕಿದ್ದು ಮಂಜುಶ್ರೀ ಮಾತ್ರ.

ಮತ್ತೆ ಪ್ರಿಂಟ್ ಹಾಕಿಸಲು ಹೋದರೆ ಸೈಬರಿನಲ್ಲಿ ಮೊದಲ ದಿನ ಕರೆಂಟಿಲ್ಲ, ಎರಡನೇ ದಿನ ಇಂಕಿಲ್ಲ. ಮೂರನೇ ದಿನ ಮಹಾದೇವಯ್ಯ ಪಟ್ಟಿಯ ಸಮೇತ ರೆಕ್ಕೆ ಕತ್ತರಿಸಿ ತಂದಾಗ ಅವಳಿಗೆ ಎದ್ದು ಕೂರಲಾಗುತ್ತಿರಲಿಲ್ಲ. ಬೆರಳ ನಡುವೆ ಇಟ್ಟ ರೆಕ್ಕೆ ಜಾರಿ ಹಾಸಿಗೆಗೆ ಬಿತ್ತು.

"ನೀನೇ ಅಂಟಿಸ್ಬುಡಪ್ಪ. ನೋಡ್ತೀನಿ."

"ನಾಳೆ ನೀನೇ ಕೂರಿಸೀಯಂತೆ ಬುಡು," ಎಂದ. ಧೈರ್ಯ ಹೇಳುತ್ತಿದ್ದೇನೆಂದುಕೊಂಡಿದ್ದ.

ಬೆಳಗಾಗುವಷ್ಟರಲ್ಲಿ ಅವಳು ಹೋಗಿದ್ದಳು. ತಮ್ಮೂರು ಚೇಳೂರಿನ ಹೊಲದಲ್ಲಿ ಮಣ್ಣು ಮಾಡಿದರು.

ತಿಥಿ ಮುಗಿದ ಮಾರನೇ ದಿನ ಅವನು ರೆಕ್ಕೆ ಕೂರಿಸಿದ. ಐದು ನಿಮಿಷದ ಕೆಲಸ. ಬಿಳಿ ಪಟ್ಟಿ ಒಡಲಿನೊಳಗೆ ಹೋಗಿ ಮರೆಯಾಯಿತು. ಎಲ್ಲೂ ತಪ್ಪಿರಲಿಲ್ಲ, ತಪ್ಪಿದೆ ಎನ್ನಲು ಯಾರೂ ಇರಲಿಲ್ಲ.

ಅಂಗಡಿ ತೆರೆದ ದಿನ ಕುಣಿಗಲ್ಲಿನ ಚಿಕ್ಕರಂಗಯ್ಯ ಮೇಷ್ಟ್ರು ಹಳೆಯ ಪುಸ್ತಕವೊಂದನ್ನು ಬೈಂಡಿಗೆ ತಂದರು. ಮಹಾದೇವಯ್ಯ ಪುಸ್ತಕವನ್ನು ಕಟಿಂಗ್ ಮೆಷಿನ್ನಿಗೆ ಕೊಟ್ಟು ನಿಂತ.

"ಈ ಬಿಳಿ ಅಂಚು ಬೇಕಾ ಮೇಷ್ಟ್ರೇ?"

"ಅಂಚು ಕಟ್ಕೊಂಡು ಏನಯ್ಯ ಮಾಡ್ಲಿ? ಸವರು."

ಅವನು ಮೆಷಿನ್ನಿನ ಹಿಡಿ ಎಳೆಯಲಿಲ್ಲ. ಇನ್ನೊಂದು ಸಲ ಕೇಳಿದ.